ಯಾವ ಕಾರ್ಡಿನಲ್ಲಿ ನಾವಿದ್ದೇವೆ?

ನಮ್ಮ ಮನೆಯವರಿಗೆ ಹೃದಯದ ಬೈಪಾಸ್ ಆಪರೇಷನ್ ಆಗಿ ವರ್ಷ ಕಳೆದಿದೆ. ಆಪರೇಷನ್ ಮಾಡಿದ ವೈದ್ಯರ ಬಗ್ಗೆ, ಹಗಲೂ ರಾತ್ರಿ ನೋಡಿಕೊಂಡ ನರ್ಸ್‌ಗಳ ಬಗ್ಗೆ ನನಗೆ ಕೃತಜ್ಞತೆ ಬಿಟ್ಟರೆ ಬೇರೆ ಮಾತಿಲ್ಲ. ನಾನು ಬರೆಯಹೊರಟಿರುವುದು ಅದಕ್ಕೂ ಮುಂಚಿನ ಕೆಲವು ತಿಂಗಳ ವಿಷಯ. ಆ ಆಪರೇಷನ್ನಿನ ಖರ್ಚನ್ನು ಸರ್ಕಾರದ ಯಾವ ಯೋಜನೆ ಹೊರುತ್ತದೆ ಎಂದು ಗೊತ್ತುಮಾಡಿಕೊಳ್ಳಲು ನಾವು ಪಟ್ಟ ಪಾಡು ಅದು. ನಾವಿರುವುದು ಮಧುಗಿರಿ ತಾಲ್ಲೂಕಿನಲ್ಲಿ. ಶಿರಾ, ಕೊರಟಗೆರೆ, ಪಾವಗಡ ಮೂರೂ ಕಡೆ ಹತ್ತಿರದ ನೆಂಟರಿದ್ದಾರೆ. ಎಲ್ಲ ಮನೆಗಳಲ್ಲೂ ವಯಸ್ಸಾದವರಿದ್ದಾರೆ, ಒಬ್ಬೊಬ್ಬರ ಹತ್ತಿರವೂ ಒಂದೊಂದು ಕಾರ್ಡಿದೆ. ಆ ಕಾರ್ಡು ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ಖಚಿತವಾಗಿ ಹೇಳಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ನಾನು ಅನುದಾನವಿಲ್ಲದ ಖಾಸಗಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಪಿಂಚಣಿ ಇಲ್ಲ, ಸರ್ಕಾರಿ ನೌಕರರಿಗಿರುವ ವೈದ್ಯಕೀಯ ಸೌಲಭ್ಯವೂ ಇಲ್ಲ. ಮೂರು ಎಕರೆ ಮಳೆಯಾಶ್ರಿತ ಹೊಲದಲ್ಲಿ ಕಡಲೆಕಾಯಿ ಹಾಕುತ್ತೇವೆ. ಬದುವಿನ ಮೇಲೆ ಹುಣಸೆಮರಗಳಿವೆ. ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ, ಮಗಳನ್ನು ಕೊರಟಗೆರೆ ಕಡೆ ಕೊಟ್ಟಿದ್ದೇವೆ. ಮನೆಗೆ ಬಿಪಿಎಲ್ ಪಡಿತರ ಚೀಟಿ ಬಂದು ಬಹಳ ವರ್ಷಗಳಾಗಿದ್ದವು. ಕಾಯಿಲೆ ಬಿದ್ದರೆ ಆ ಚೀಟಿಯ ಮೇಲೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ ಎಂಬುದೇ ನಮಗಿದ್ದ ಧೈರ್ಯ.

2024ರ ನವೆಂಬರ್. ಕಡಲೆಕಾಯಿ ಕಿತ್ತು ಅಂಗಳದಲ್ಲಿ ಒಣಹಾಕಿದ್ದೆವು. ಗೋಣಿಚೀಲ ಎಳೆಯುವಾಗ ಎದೆ ಹಿಡಿದಂತಾಗುತ್ತದೆ ಎಂದು ಮನೆಯವರು ಎರಡು ಮೂರು ಸಲ ಹೇಳಿದ್ದರು. ಒಂದು ರಾತ್ರಿ ಉಸಿರು ಮೇಲಕ್ಕೆ ಬಾರದೆ ಎದ್ದು ಕೂತರು. ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಡಾಕ್ಟರು ತಡಮಾಡಬೇಡಿ, ತುಮಕೂರಿಗೆ ಹೊರಡಿ ಎಂದರು. ಮಧುಗಿರಿಗೆ ಇನ್ನೂ ರೈಲು ಬಂದಿಲ್ಲ, ರಸ್ತೆಯೇ ಗತಿ. ಬೆಳಗಾಗುವುದರೊಳಗೆ ಬಂದು ಸೇರಿಕೊಂಡ ಮಗ ತನಗೆ ಗೊತ್ತಿದ್ದ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಆಂಜಿಯೋಗ್ರಾಂ ಮಾಡಿ, ರಕ್ತನಾಳದಲ್ಲಿ ಮೂರು ಕಡೆ ತಡೆಯಿದೆ, ಮಾತ್ರೆಯಲ್ಲಿ ಸ್ವಲ್ಪ ಕಾಲ ತಡೆಯಬಹುದು, ಆದರೆ ಬೈಪಾಸ್ ಆಗಲೇಬೇಕು ಎಂದರು.

ಆಸ್ಪತ್ರೆಯ ಒಂದು ಮೂಲೆಯಲ್ಲಿ ಆರೋಗ್ಯಮಿತ್ರರ ಮೇಜಿತ್ತು. ಸರ್ಕಾರದ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ದಾರಿ ತೋರಿಸಲೆಂದೇ ಇಡುವ ಸಿಬ್ಬಂದಿ ಇವರು. ಆ ಹುಡುಗ ನನ್ನ ಪಡಿತರ ಚೀಟಿಯ ನಂಬರು ಒತ್ತಿ, ಒಂದು ಗಳಿಗೆ ನೋಡಿ, ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. “ಸಾರ್, ನಿಮ್ದು ಎಪಿಎಲ್ ತೋರಿಸ್ತೈತೆ” ಎಂದ. ಹೋದ ತಿಂಗಳು ಇದೇ ಚೀಟಿಗೆ ಅಕ್ಕಿ ತಂದಿದ್ದೇವಲ್ಲಪ್ಪ ಎಂದೆ. ಮತ್ತೊಂದು ಸಲ ಒತ್ತಿ ನೋಡಿದ. ಅದೇ ಬಂತು.

ಬಿಪಿಎಲ್ ಕುಟುಂಬಕ್ಕೆ ಯೋಜನೆಯ ಪ್ಯಾಕೇಜ್ ದರವನ್ನು ಸರ್ಕಾರ ಪೂರ್ತಿ ಕೊಡುತ್ತದೆ, ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಉಳಿದ ಶೇ 70 ರೋಗಿಯದು. ಈ ವ್ಯತ್ಯಾಸ ನನಗೆ ತಿಳಿದದ್ದು ಆ ಮೇಜಿನ ಮುಂದೆ ನಿಂತಾಗ. ಒಳಗೆ ಐಸಿಯುನಲ್ಲಿ ಮನೆಯವರು ಮಲಗಿದ್ದರು. ಹೊರಗೆ ಬಿಲ್ಲಿಂಗ್ ಕೌಂಟರಿನವರು ಡಿಪಾಸಿಟ್ ಕಟ್ಟಿ ಎನ್ನುತ್ತಿದ್ದರು. ಕೊರಟಗೆರೆಯಿಂದ ಓಡಿಬಂದ ಮಗಳು ಕೈಯಲ್ಲಿದ್ದ ಬಳೆ ಬಿಚ್ಚಿ ತಮ್ಮನಿಗೆ ಕೊಟ್ಟಳು. ಅವನ್ನು ಅಡವಿಟ್ಟು ಆಂಜಿಯೋಗ್ರಾಂ, ಐಸಿಯು ಬಿಲ್ಲು ಕಟ್ಟಿ, ಒಂದು ಚೀಲ ಮಾತ್ರೆಯೊಂದಿಗೆ ಮನೆಗೆ ಬಂದೆವು. “ಏನೂ ಬ್ಯಾಡ ಬುಡಿ, ನಂಗೇನಾಗೈತೆ ಈಗ” ಎಂದು ಅವರು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಖರ್ಚಿನ ಭಯದಿಂದ ಆಡಿದ ಮಾತು ಅದು ಎಂದು ನನಗೂ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು.

ಆ ನವೆಂಬರಿನಲ್ಲಿ ರಾಜ್ಯದಲ್ಲೆಲ್ಲ ಪಡಿತರ ಚೀಟಿಯದೇ ಗಲಾಟೆ. ಅನರ್ಹರೆಂದು ಗುರುತಿಸಿದ ಬಿಪಿಎಲ್ ಚೀಟಿಗಳನ್ನು ರದ್ದು ಮಾಡುವ, ಎಪಿಎಲ್‌ಗೆ ಬದಲಿಸುವ ಕೆಲಸ ನಡೆದಿತ್ತು. ವರ್ಷದ ಆದಾಯ 1.2 ಲಕ್ಷ ಮೀರಿದವರು, ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಅನರ್ಹರು. ವಿರೋಧ ಜೋರಾದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದ ಅರ್ಹರಿಗೆ ಚೀಟಿ ವಾಪಸು ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ನಮ್ಮ ಮನೆಯಲ್ಲಿ ತೆರಿಗೆ ಕಟ್ಟುವಷ್ಟು ದುಡಿಯುವವರು ಯಾರೂ ಇಲ್ಲ. ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು: ಮಗ ಕಾರಿನ ಸಾಲಕ್ಕೆಂದು ಐಟಿ ರಿಟರ್ನ್ಸ್ ಸಲ್ಲಿಸಿದ್ದ. ಬ್ಯಾಂಕಿನವರು ಕೇಳಿದರು, ಆಡಿಟರು ಮಾಡಿಕೊಟ್ಟರು. ಕಟ್ಟಿದ ತೆರಿಗೆ ಸೊನ್ನೆ. ಆದರೂ ಅವನ ಹೆಸರು ನಮ್ಮ ಚೀಟಿಯಲ್ಲಿದ್ದುದರಿಂದ ಇಡೀ ಕುಟುಂಬ ಆ ಪಟ್ಟಿಗೆ ಸೇರಿತ್ತು. ಅಕ್ಕಿ ನಿಂತರೆ ಕೊಂಡು ಉಣ್ಣಬಹುದು. ಆದರೆ ಚೀಟಿಯ ಬಣ್ಣ ಬದಲಾದರೆ ಆಸ್ಪತ್ರೆಯ ಬಾಗಿಲೂ ಬದಲಾಗುತ್ತದೆ ಎಂದು ಯಾರೂ ನಮಗೆ ಹೇಳಿರಲಿಲ್ಲ. ಮನೆಗೆ ಒಂದು ನೋಟಿಸೂ ಬಂದಿರಲಿಲ್ಲ.

ಚೀಟಿ ಸರಿಯಾಗುವವರೆಗೆ ಕಾಯುವುದೋ, ಬೇರೆ ಯೋಜನೆ ಹಿಡಿಯುವುದೋ? ಮನೆಗೆ ನೋಡಲು ಬಂದವರೆಲ್ಲ ಒಂದೊಂದು ಹೇಳಿದರು. ಯಾರ ಮಾತನ್ನೂ ತೆಗೆದುಹಾಕುವಂತಿರಲಿಲ್ಲ. ಎಲ್ಲರೂ ತಮಗೆ ಒದಗಿದ್ದನ್ನೇ ಹೇಳುತ್ತಿದ್ದರು.

ಊರಿನ ಆಶಾ ಕಾರ್ಯಕರ್ತೆ ಹಿಂದೆ ನಮ್ಮಿಬ್ಬರಿಗೂ ಒಂದು ಕಾರ್ಡು ಮಾಡಿಸಿಕೊಟ್ಟಿದ್ದರು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದೆವು. ಅದು ಆಭಾ ಕಾರ್ಡು. ಹದಿನಾಲ್ಕು ಅಂಕಿಯ ನಂಬರು, ನಮ್ಮ ಆರೋಗ್ಯದ ದಾಖಲೆಗಳನ್ನು ಒಂದೆಡೆ ಇಡಲು ಇರುವಂಥದ್ದು. ಅದರಿಂದ ಆಸ್ಪತ್ರೆಗೆ ಒಂದು ರೂಪಾಯಿಯೂ ಸಂದಾಯವಾಗುವುದಿಲ್ಲ. ಚಿಕಿತ್ಸೆಯ ಹಣ ಬರುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಿಂದ. ಎರಡೂ ಹೆಸರುಗಳು ಒಂದೇ ಥರ, ಎರಡರಲ್ಲೂ ನಮ್ಮ ಫೋಟೋ. ಇದೊಂದಿದ್ದರೆ ಸಾಕು ಎಂದುಕೊಂಡಿರುವ ಮುದುಕರು ನಮ್ಮ ಕಡೆ ಎಷ್ಟೋ ಜನ.

ಮಗಳು ಯಶಸ್ವಿನಿಯ ವಿಷಯ ತೆಗೆದಳು. ಅವಳ ಮನೆಯವರು ಡೇರಿಗೆ ಹಾಲು ಹಾಕುತ್ತಾರೆ, ಹಾಲು ಉತ್ಪಾದಕರ ಸಂಘದ ಮೂಲಕ ನೋಂದಾಯಿಸಿಕೊಂಡಿದ್ದಾರೆ, ಅವಳ ಅತ್ತೆಗೆ ಪಿತ್ತಕೋಶದ ಆಪರೇಷನ್ ಅದರಲ್ಲೇ ಆಯಿತು. ಯಶಸ್ವಿನಿ 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಶುರುವಾದ ಯೋಜನೆ. ಆಗ ಒಬ್ಬ ರೈತ ತಿಂಗಳಿಗೆ ಕಟ್ಟಬೇಕಿದ್ದದ್ದು ಐದು ರೂಪಾಯಿ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದರು. ರೈತರ ಒತ್ತಾಯದ ಮೇಲೆ 2022–23ರಲ್ಲಿ ಮತ್ತೆ ತಂದರು. ಈಗ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ ತಲೆಗೆ 100. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಚಿಕಿತ್ಸೆಯ ಮಿತಿ ಇಲ್ಲಿಯೂ 5 ಲಕ್ಷ. ಬಿಪಿಎಲ್ಲೋ ಎಪಿಎಲ್ಲೋ ಎಂಬ ಪ್ರಶ್ನೆ ಇಲ್ಲಿಲ್ಲ, ಸಂಘದ ಸದಸ್ಯರಾಗಿದ್ದರೆ ಆಯಿತು. ನಾನು ವ್ಯವಸಾಯ ಸೇವಾ ಸಹಕಾರ ಸಂಘದ ಹಳೆಯ ಷೇರುದಾರ. ಸೊಸೈಟಿಗೆ ಹೋದೆ. ಕಾರ್ಯದರ್ಶಿ ನನ್ನ ಹಳೆಯ ವಿದ್ಯಾರ್ಥಿ. ಕೂರಿಸಿ, ಸಮಾಧಾನವಾಗಿ ವಿವರಿಸಿದ. “ಮೇಷ್ಟ್ರೇ, ದುಡ್ಡು ಕಟ್ಟಿಸ್ಕೊಂತೀನಿ. ಆದ್ರೆ ಇದು ಜಾರಿಗೆ ಬರೋದು ಏಪ್ರಿಲ್‌ನಿಂದ. ಅಮ್ಮಾವ್ರಿಗೆ ಅಲ್ಲೀಗಂಟ ತಡೀತದಾ?” ಎಂದ. ತಡೆಯುತ್ತದೆ ಎನ್ನುವ ಧೈರ್ಯ ನನಗಿರಲಿಲ್ಲ. ಆದರೂ ಐನೂರು ಕಟ್ಟಿ ರಸೀದಿ ತಂದೆ. ಮುಂದಕ್ಕೆ ನನಗಾದರೂ ಬೇಕಾದೀತು.

ಶಿರಾದಲ್ಲಿ ನನ್ನ ಅಕ್ಕನ ಮನೆ. ಭಾವ ಸೈನ್ಯದಿಂದ ನಿವೃತ್ತರು, ಎಂಬತ್ತರ ಹತ್ತಿರ. ಮಾಜಿ ಸೈನಿಕರಿಗೆ 2003ರಿಂದ ಇರುವ ಇಸಿಎಚ್‌ಎಸ್‌ನಲ್ಲಿದ್ದಾರೆ. ಅವರೇ ನನಗೆ ಹೊಸ ಸುದ್ದಿ ಹೇಳಿದ್ದು. 2024ರ ಅಕ್ಟೋಬರ್ 29ರಂದು ಪ್ರಧಾನಿಯವರು ಎಪ್ಪತ್ತು ದಾಟಿದ ಎಲ್ಲರಿಗೂ, ಬಡವ ಬಲ್ಲಿದ ಎಂಬ ಭೇದವಿಲ್ಲದೆ, 5 ಲಕ್ಷದ ಆಯುಷ್ಮಾನ್ ವಯ ವಂದನ ಕಾರ್ಡನ್ನು ಉದ್ಘಾಟಿಸಿದ್ದರು. ಟಿ.ವಿ.ಯಲ್ಲಿ ನೋಡಿದ ಭಾವ ತಾವೂ ಮಾಡಿಸಬೇಕೆಂದಿದ್ದರು. ಅದರ ನಿಯಮ ಓದಿ ನೋಡಿದೆ. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್, ಸೈನಿಕರ ಇಸಿಎಚ್‌ಎಸ್ ಇದ್ದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಆಯ್ಕೆ ಒಂದೇ ಸಲ. ಇಎಸ್‌ಐ ಅಥವಾ ಖಾಸಗಿ ವಿಮೆ ಇರುವವರಾದರೆ ಅದನ್ನೂ ಇಟ್ಟುಕೊಂಡು ಇದನ್ನೂ ಪಡೆಯಬಹುದು. ಭಾವನಿಗೆ ನಾನು ಹೇಳಿದ್ದು ಒಂದೇ: ಈಗಿರುವುದನ್ನು ಬಿಡಬೇಡಿ. ಇಸಿಎಚ್‌ಎಸ್‌ನಲ್ಲಿ ತಿಂಗಳ ಮಾತ್ರೆ, ಹೊರರೋಗಿ ತಪಾಸಣೆ ಎಲ್ಲವೂ ಬರುತ್ತದೆ. ಆಯುಷ್ಮಾನ್ ಕಾರ್ಡು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇರುವವರಿಗೆ ತಿಂಗಳ ಮಾತ್ರೆಯೇ ದೊಡ್ಡ ಖರ್ಚು. ಐದು ಲಕ್ಷ ಎಂಬ ಅಂಕಿ ಕಿವಿಗೆ ಬಿದ್ದ ತಕ್ಷಣ ಇದನ್ನು ಮರೆಯುತ್ತೇವೆ. ಭಾವ ಒಪ್ಪಿಕೊಂಡರು.

ಹಾಗಾದರೆ ನಮಗೇ ಆ ಕಾರ್ಡು ಆಗಬಹುದಲ್ಲ ಎನಿಸಿತು. ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರದಂತೆ ನನಗೆ ಎಪ್ಪತ್ತನಾಲ್ಕು. ಆದರೆ ಕಾಯಿಲೆ ಬಿದ್ದವರು ನಮ್ಮ ಮನೆಯವರು. ಅವರ ಆಧಾರ್‌ನಲ್ಲಿ ಹುಟ್ಟಿದ ದಿನ 1958ರ ಜನವರಿ 1 ಎಂದಿದೆ. ಹುಟ್ಟಿದ ತಾರೀಖು ಗೊತ್ತಿಲ್ಲದ ನಮ್ಮ ಸೀಮೆಯ ಹೆಂಗಸರಲ್ಲಿ ಎಷ್ಟೋ ಜನ ದಾಖಲೆಯಲ್ಲಿ ಹುಟ್ಟಿರುವುದು ಜನವರಿ ಒಂದರಂದೇ. ಪಾವಗಡದಲ್ಲಿರುವ ಅವರ ತಮ್ಮ ಶಾಲೆಗೆ ಹೋದವನು. ಅವನ ವರ್ಗಾವಣೆ ಪತ್ರದ ಪ್ರಕಾರ ಅವನಿಗೆ ಎಪ್ಪತ್ತು ದಾಟಿದೆ. ಅವನನ್ನು ಕಂಕುಳಲ್ಲಿ ಎತ್ತಿ ಆಡಿಸಿದ ಅಕ್ಕನಿಗೆ ದಾಖಲೆಯಲ್ಲಿ ಅರವತ್ತಾರು! ತಿದ್ದಿಸೋಣವೆಂದರೆ ಹುಟ್ಟಿದ ತಾರೀಖಿಗೆ ಆಧಾರ ಪತ್ರ ಬೇಕು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಷ್ಟೇ ಅಲ್ಲ, ಆರೋಗ್ಯಮಿತ್ರನನ್ನು ಕೇಳಿದಾಗ, ಎಪ್ಪತ್ತರ ಮೇಲಿನವರ ಆ ಯೋಜನೆ ನಮ್ಮ ರಾಜ್ಯದಲ್ಲಿ ಇನ್ನೂ ಶುರುವಾಗಿಲ್ಲ, ತಮಗೆ ಆದೇಶ ಬಂದಿಲ್ಲ ಎಂದ. ಆಯುಷ್ಮಾನ್ ಖರ್ಚಿನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಆದರೆ ಕೇಂದ್ರ ಹಣ ಕೊಡುವುದು ರಾಜ್ಯದ 62 ಲಕ್ಷ ಕುಟುಂಬಗಳ ಲೆಕ್ಕಕ್ಕೆ. ಬಿಪಿಎಲ್ ಚೀಟಿ ಇರುವ ಉಳಿದ ಕುಟುಂಬಗಳ ಹೊರೆಯೆಲ್ಲ ತಮ್ಮದೇ ಎಂಬುದು ರಾಜ್ಯದ ದೂರು. ಎರಡು ಸರ್ಕಾರಗಳ ನಡುವಿನ ಆ ಲೆಕ್ಕದಲ್ಲಿ ಯಾರು ಸರಿಯೋ, ಅದನ್ನು ತೀರ್ಮಾನಿಸುವ ಶಕ್ತಿ ನನಗಿಲ್ಲ. ಎದೆ ಹಿಡಿದುಕೊಂಡು ಮಲಗಿದವರಿಗೆ ಆ ಜಗಳ ಮುಗಿಯುವವರೆಗೆ ಕಾಯಲು ಹೇಳುವುದು ಮಾತ್ರ ಸರಿಯಲ್ಲ.

ಪಾವಗಡದ ಆ ಭಾವಮೈದುನನದು ಇನ್ನೊಂದು ಬಗೆಯ ಕಷ್ಟ. ಅವನ ಊರಿನ ಕೊಳವೆಬಾವಿಯ ನೀರು ಫ್ಲೋರೈಡ್ ನೀರು. ಚಿಕ್ಕಂದಿನಿಂದ ಕುಡಿದು ಹಲ್ಲು ಕಂದಿವೆ, ಮಂಡಿ ಮಡಚಲು ಬರುವುದಿಲ್ಲ. ಪಾವಗಡಕ್ಕೆ ಮೂರು ದಿಕ್ಕಿನಲ್ಲೂ ಆಂಧ್ರ. ಮನೆಯಲ್ಲಿ ಆಡುವುದು ತೆಲುಗು, ಸಂತೆಗೂ ಆಸ್ಪತ್ರೆಗೂ ಅವನಿಗೆ ಹತ್ತಿರವಾಗುವುದು ಹಿಂದೂಪುರದ ಕಡೆ. ತುಮಕೂರೆಂದರೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಆದರೆ ಆಂಧ್ರ ಸರ್ಕಾರದ ಆರೋಗ್ಯ ಯೋಜನೆ ಸಿಗಬೇಕಾದರೆ ಆಂಧ್ರದ ಕಾರ್ಡೇ ಬೇಕು. ಹಾಗಾಗಿ ಹತ್ತಿರದ ಆಸ್ಪತ್ರೆಯಲ್ಲಿ ಅವನು ಕೈಯಿಂದ ಕೊಡುತ್ತಾನೆ, ಉಚಿತವಾಗಿ ಸಿಗಬಹುದಾದ ಆಸ್ಪತ್ರೆಗೆ ಆ ಮಂಡಿಯಲ್ಲಿ ಬಸ್ಸು ಹತ್ತಿ ಹೋಗಲಾರ. 2,050 ಮೆಗಾವಾಟ್ ವಿದ್ಯುತ್ತನ್ನು ನಾಡಿಗೆ ಕೊಡುವ ಸೋಲಾರ್ ಪಾರ್ಕು ಇರುವ ತಾಲ್ಲೂಕು ಅದು. ಅಲ್ಲಿನ ಮುದುಕನೊಬ್ಬನಿಗೆ ಮಂಡಿನೋವಿನ ಚಿಕಿತ್ಸೆಗೆ ಹತ್ತಿರದಲ್ಲೊಂದು ದಾರಿ ಇಲ್ಲ.

ಖಾಸಗಿ ವಿಮೆಯನ್ನೂ ವಿಚಾರಿಸಿದೆ. ಬ್ಯಾಂಕಿನಲ್ಲಿ ಒಬ್ಬರು ನಿಜ ಹೇಳಿದರು. ಅರವತ್ತೈದು ದಾಟಿದವರಿಗೆ ಪಾಲಿಸಿ ಕೊಡಲೇಬೇಕೆಂದಿಲ್ಲ ಎನ್ನುವ ಹಳೆಯ ಮಿತಿ 2024ರ ಏಪ್ರಿಲ್‌ನಿಂದ ಹೋಗಿದೆ. ಆದರೆ ಮೊದಲೇ ಇರುವ ಕಾಯಿಲೆಗೆ ಕಂಪನಿ ಮೂರು ವರ್ಷದವರೆಗೆ ಹಣ ಕೊಡದೆ ಕಾಯಿಸಬಹುದು. ಆಂಜಿಯೋಗ್ರಾಂ ವರದಿ ಕೈಯಲ್ಲಿ ಹಿಡಿದವರಿಗೆ ಆ ಬಾಗಿಲು ಮುಚ್ಚಿದಂತೆಯೇ. ವರ್ಷದ ಕಂತು ಕೇಳಿ ನಾನು ಎದ್ದುಬಂದೆ.

ಕೊನೆಗೆ ಉಳಿದದ್ದು ಪಡಿತರ ಚೀಟಿಯನ್ನು ಸರಿಮಾಡಿಸುವ ಹಾದಿಯೊಂದೇ. ಮಗನ ರಿಟರ್ನ್ಸ್ ಪ್ರತಿ, ತೆರಿಗೆ ಸೊನ್ನೆ ಎಂದು ತೋರಿಸುವ ಪುಟ, ಆದಾಯ ಪ್ರಮಾಣಪತ್ರ, ಎಲ್ಲವನ್ನೂ ಜೋಡಿಸಿ ಅರ್ಜಿ ಕೊಟ್ಟೆ. ಕಚೇರಿಯಲ್ಲಿ ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ, ಒಮ್ಮೆ ಪರಿಶೀಲನೆಗೆ ಬರುವವರು ಬಂದಿಲ್ಲ. ಬೆಂಚಿನ ಮೇಲೆ ನನ್ನಂಥವರು ಸಾಲಾಗಿ ಕೂತಿರುತ್ತಿದ್ದರು. ಡಯಾಲಿಸಿಸ್‌ಗೆ ಹೋಗುವ ಗಂಡನ ಚೀಟಿ ಸರಿಮಾಡಿಸಲು ಬಂದ ಹೆಣ್ಣುಮಗಳೊಬ್ಬಳು ಮಡಿಲಲ್ಲಿ ಕಾಗದದ ಚೀಲ ಇಟ್ಟುಕೊಂಡು ಅಲ್ಲೇ ನಿದ್ದೆ ಹೋಗಿದ್ದನ್ನು ನೋಡಿದ್ದೇನೆ.

ಆಮೇಲೆ ಇ–ಕೆವೈಸಿ. ಮನೆಯವರನ್ನೇ ಕರೆದುಕೊಂಡು ಹೋಗಬೇಕಾಯಿತು. ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅವುಗಳಲ್ಲಿ ಹೆಂಗಸರಿಗೆ ಉಚಿತ ಟಿಕೆಟ್ ಇಲ್ಲ. ಆ ಎದೆಯಲ್ಲಿ ಬಸ್ಸಿನ ಮೆಟ್ಟಿಲು ಹತ್ತಿಸಿ ಇಳಿಸುವಾಗ ನನ್ನ ಕೈ ನಡುಗುತ್ತಿತ್ತು. ಸೇವಾ ಕೇಂದ್ರದ ಹುಡುಗ ಬೆರಳಿಡುವ ಗಾಜನ್ನು ಅಂಗಿಯ ತುದಿಯಿಂದ ಒರೆಸಿ, “ಇಡಮ್ಮ” ಎಂದ. ಕೆಂಪು ದೀಪ. ಇನ್ನೊಂದು ಬೆರಳು. ಮತ್ತೆ ಕೆಂಪು. ಹತ್ತೂ ಬೆರಳು ಆದವು. ಅವರ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿದ ಬೆರಳು, ಬಿತ್ತನೆಗೆ ಕಡಲೆಕಾಯಿ ಸುಲಿದ ಬೆರಳು. ಸೆರಗಿನಲ್ಲಿ ಒರೆಸಿ ಒರೆಸಿ ಮತ್ತೆ ಇಡುತ್ತಿದ್ದರು, ತಪ್ಪು ತಮ್ಮದೇ ಎನ್ನುವ ಹಾಗೆ ಆ ಹುಡುಗನ ಮುಖ ನೋಡುತ್ತಿದ್ದರು. ಕೊನೆಗೆ ಅವನು ಮೊಬೈಲಿನಲ್ಲಿ ಮುಖ ಹಿಡಿದು ನೋಡೋಣ ಎಂದ. ಕಣ್ಣು ಮಿಟುಕಿಸಿ ಅಂದರೆ ಇವರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಬಿಟ್ಟರು. ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು, “ಅಜ್ಜಿ, ನನ್ ನೋಡಿ, ಹಿಂಗೆ” ಎಂದು ತಾನೇ ಕಣ್ಣು ಮಿಟುಕಿಸಿ ತೋರಿಸಿದಳು. ಅವಳನ್ನು ನೋಡಿ ಮಿಟುಕಿಸಿದರು. ಹಸಿರು ಬಂತು. ಆ ಹುಡುಗಿ ಯಾರ ಮಗಳೋ, ಅವಳಿಗೆ ಒಳ್ಳೆಯದಾಗಲಿ.

ಹೊಸ ವರ್ಷ ಹುಟ್ಟಿದ ಮೇಲೆ ಚೀಟಿ ಬಿಪಿಎಲ್‌ಗೆ ವಾಪಸು ಬಂತು. ಆಗಲೂ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ಮಲಗುವಂತಿಲ್ಲ. ಈ ಯೋಜನೆಯಲ್ಲಿ ಸರಳ ಚಿಕಿತ್ಸೆಗಳೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಬೈಪಾಸ್‌ನಂಥ ಮೇಲ್ಮಟ್ಟದ, ಮೊದಲೇ ದಿನ ಗೊತ್ತುಮಾಡಿ ಮಾಡುವ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ತುರ್ತು ಎಂದು ಪಟ್ಟಿ ಮಾಡಿರುವ 169 ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಇಲ್ಲದೆ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೂ ನೇರ ಹೋಗಬಹುದು. ತುಮಕೂರಿನ ಜಿಲ್ಲಾ ಆಸ್ಪತ್ರೆಯ ವೈದ್ಯರು ವರದಿ ನೋಡಿ ಅಂದೇ ರೆಫರಲ್ ಬರೆದುಕೊಟ್ಟರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಸರತಿ ಬಂದಾಗ ಆಪರೇಷನ್ ಆಯಿತು. ಆಪರೇಷನ್‌ಗೆ, ಹಾಸಿಗೆಗೆ, ಅಲ್ಲಿನ ಔಷಧಿಗೆ ನಮ್ಮ ಕೈಯಿಂದ ಹಣ ಹೋಗಲಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಯೋಜನೆ ಕೈಗೆ ಸಿಕ್ಕಾಗ ಅದು ನಿಜಕ್ಕೂ ಪ್ರಾಣ ಉಳಿಸುತ್ತದೆ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕವಾಗಿ ಶುರುವಾಗಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಜೊತೆ ಸೇರಿದ ಈ ವ್ಯವಸ್ಥೆ ಇಲ್ಲದಿದ್ದರೆ ನಾವು ಹೊಲ ಮಾರಬೇಕಿತ್ತು.

ಯೋಜನೆ ಹೊರದ ಖರ್ಚೂ ಇದೆ. ಮಗ ಬಾಡಿಗೆ ಓಡಿಸದೆ ಕಳೆದ ದಿನಗಳು, ಆಸ್ಪತ್ರೆಯ ಹತ್ತಿರ ನಾವು ಉಳಿದ ರೂಮು, ಓಡಾಟ. ಮನೆಗೆ ಬಂದ ಮೇಲೆ ಯೋಜನೆಯ ಔಷಧಿ ಹದಿನೈದು ದಿನಕ್ಕೆ. ಆಮೇಲಿನ ಮಾತ್ರೆಗಳಲ್ಲಿ ಕೆಲವು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತವೆ, ಉಳಿದವನ್ನು ಜನೌಷಧಿ ಅಂಗಡಿಯಲ್ಲಿ ಕೊಳ್ಳುತ್ತೇವೆ. ನನ್ನ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಅದಕ್ಕೇ ಹೋಗುತ್ತದೆ. ಅಡವಿಟ್ಟ ಬಳೆಗಳನ್ನು ಹೋದ ಸುಗ್ಗಿಯಲ್ಲಿ ಬಿಡಿಸಿಕೊಟ್ಟೆವು.

ಇಷ್ಟೆಲ್ಲ ಆದ ಮೇಲೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿರುವುದು ಒಂದು ಮಾತು. ವಯಸ್ಸಾದವರಿಗೆ ಯೋಜನೆಗಳು ಕಡಿಮೆ ಇಲ್ಲ. ಆದರೆ ಯಾವುದು ತನಗೆ ಅನ್ವಯಿಸುತ್ತದೆ ಎಂದು ಅವರಿಗೆ ತಿಳಿಯುವುದು ಆಸ್ಪತ್ರೆಯ ಕೌಂಟರಿನಲ್ಲಿ, ಜೀವ ಬಾಯಿಗೆ ಬಂದಿರುವಾಗ. ಆಗ ಆರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ. ಯಶಸ್ವಿನಿಯ ದಿನ ಮುಗಿದಿರುತ್ತದೆ, ಖಾಸಗಿ ವಿಮೆ ಮುಚ್ಚಿರುತ್ತದೆ, ಚೀಟಿ ಬದಲಾಗಿರುತ್ತದೆ. ಪಡಿತರ ಚೀಟಿಯನ್ನು ಬದಲಿಸುವ ಮುನ್ನ, ಇದರಿಂದ ನಿಮ್ಮ ಆರೋಗ್ಯ ರಕ್ಷಣೆಯೂ ಬದಲಾಗುತ್ತದೆ ಎಂದು ಆ ಮನೆಗೆ ಲಿಖಿತವಾಗಿ ತಿಳಿಸುವುದು ಸರ್ಕಾರದ ಕರ್ತವ್ಯ. ಆ ಮನೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಹಳೆಯ ಸೌಲಭ್ಯ ಮುಂದುವರಿಯಬೇಕು. ಆರೋಗ್ಯಮಿತ್ರರು ಆಸ್ಪತ್ರೆಯಲ್ಲಿ ಮಾತ್ರ ಕೂರದೆ ವರ್ಷಕ್ಕೊಂದು ಸಲವಾದರೂ ಪ್ರತಿ ಗ್ರಾಮ ಪಂಚಾಯಿತಿಗೆ ಬಂದು, ಅರವತ್ತು ದಾಟಿದ ಒಬ್ಬೊಬ್ಬರಿಗೂ ನೀವು ಈ ಯೋಜನೆಯಲ್ಲಿದ್ದೀರಿ, ಇಂಥ ಆಸ್ಪತ್ರೆಗೆ ಹೋಗಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಪಾವಗಡದಂಥ ಗಡಿ ತಾಲ್ಲೂಕಿನವರಿಗೆ ಆಂಧ್ರದ ಹತ್ತಿರದ ಆಸ್ಪತ್ರೆಗಳಲ್ಲೇ ಚಿಕಿತ್ಸೆ ಸಿಗುವಂತೆ ಎರಡು ರಾಜ್ಯಗಳು ಕೂತು ಮಾತಾಡಬೇಕು.

ಓದುವವರಲ್ಲಿ, ಅದರಲ್ಲೂ ಊರು ಬಿಟ್ಟು ಬೆಂಗಳೂರಿನಲ್ಲಿರುವ ಮಕ್ಕಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಊರಿಗೆ ಬಂದಾಗ ಅಪ್ಪ ಅಮ್ಮನ ಪಡಿತರ ಚೀಟಿ ಇವತ್ತಿನ ದಿನ ಬಿಪಿಎಲ್ ಇದೆಯೋ ಎಪಿಎಲ್ ಆಗಿದೆಯೋ ನೋಡಿ. ಅದರಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಒಂದೇ ಇದೆಯೇ, ಇ–ಕೆವೈಸಿ ಆಗಿದೆಯೇ, ಹುಟ್ಟಿದ ವರ್ಷ ಸರಿಯಿದೆಯೇ ನೋಡಿ. ಸೊಸೈಟಿಯಲ್ಲೋ ಡೇರಿಯಲ್ಲೋ ಅವರು ಸದಸ್ಯರಾಗಿದ್ದರೆ ಯಶಸ್ವಿನಿಯ ನೋಂದಣಿ ಯಾವಾಗ ತೆರೆಯುತ್ತದೆ ಎಂದು ಕಾರ್ಯದರ್ಶಿಯನ್ನು ಕೇಳಿ. ಎಪ್ಪತ್ತು ದಾಟಿದ್ದರೆ ವಯ ವಂದನ ಕಾರ್ಡಿನ ಈಗಿನ ಸ್ಥಿತಿ ವಿಚಾರಿಸಿ. ಆರೋಗ್ಯ ಸಹಾಯವಾಣಿ 104ಕ್ಕೆ, ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಲು ದುಡ್ಡು ಬೇಕಿಲ್ಲ. ಅವರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಇಷ್ಟು ಮಾಡಿ ಮುಗಿಸಿ.